ಚಿಪ್ಪಿನ ಮೇಲೆ ಬರೆದ ವೇಗ, ಚಿಪ್ಪಿನೊಳಗೆ ಉಳಿದ ವೇಗ



ಕಳೆದ ಭಾನುವಾರ ಬಲಿಪೂಜೆ ಮುಗಿದು ಅಂಗಳದಲ್ಲಿ ಟೀ ಕುಡಿಯುತ್ತಿದ್ದಾಗ ನಮ್ಮ ಗಾಯನವೃಂದದ ಇಬ್ಬರು ಹುಡುಗರು ನನ್ನನ್ನು ಹಿಡಿದು ನಿಲ್ಲಿಸಿದರು. "ಅಂಕಲ್, ಓವರ್‌ಕ್ಲಾಕ್ ಮಾಡೋದು ಮೋಸಾನಾ?" ಮನೆಯಲ್ಲೇ ಜೋಡಿಸಿದ ಕಂಪ್ಯೂಟರಿನ ಪ್ರೊಸೆಸರನ್ನು ಅದರ ಮೇಲೆ ನಮೂದಾಗಿರುವ ವೇಗಕ್ಕಿಂತ ಜೋರಾಗಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಒಬ್ಬ ಆಗಲೇ ಮಾಡಿ ಮುಗಿಸಿದ್ದ. ಇನ್ನೊಬ್ಬನಿಗೆ ಅದು ಕಡಿಮೆ ದುಡ್ಡು ಕೊಟ್ಟು ಹೆಚ್ಚಿನ ಮಾಲು ಎತ್ತಿಕೊಂಡು ಬಂದ ಹಾಗೆ ಕಂಡಿತ್ತು. ನಾನು ಏನೋ ಹೇಳಿ ಜಾರಿಕೊಂಡೆ. ನಿಜವಾದ ಉತ್ತರಕ್ಕೆ ಸ್ವಲ್ಪ ಇತಿಹಾಸ ಬೇಕು, ಜೊತೆಗೆ ನಾನೇ ಮಾಡಿದ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ನಿಂತ ನಿಲುವಿನಲ್ಲಿ ಆಗುವ ಕೆಲಸವಲ್ಲ.

ನಾನು ಬೆಳೆದದ್ದು ಆನೈಮಲೈ ಬೆಟ್ಟಗಳ ತಪ್ಪಲಿನಲ್ಲಿ, ಪೊಳ್ಳಾಚಿಯ ಹತ್ತಿರ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕೊಯಮತ್ತೂರು ಜಿಲ್ಲೆಯಲ್ಲಿ ಕನ್ನಡವೇ ಎಂದು ಹುಬ್ಬೇರಿಸುವವರಿಗೆ ಒಂದು ಮಾತು: 1956ರವರೆಗೆ ಕೊಳ್ಳೇಗಾಲ ಆ ಜಿಲ್ಲೆಯದೇ ತಾಲ್ಲೂಕು. ಧರ್ಮಸಭೆಯ ಲೆಕ್ಕದಲ್ಲೂ ಮೈಸೂರು ಮತ್ತು ಕೊಯಮತ್ತೂರು 1850ರಲ್ಲಿ ಪುದುಚೇರಿಯಿಂದ ಬೇರೆಯಾದ ಅವಳಿಗಳು.

ಆ ಸೀಮೆಯ ಹುಡುಗರಿಗೆ ಯಂತ್ರದ ಮೊದಲ ಪಾಠ ಕಂಪ್ಯೂಟರಿನಿಂದ ಬರುವುದಿಲ್ಲ, ತೆಂಗಿನ ತೋಟದ ಪಂಪ್‌ಸೆಟ್ಟಿನಿಂದ ಬರುತ್ತದೆ. ಕೊಯಮತ್ತೂರು ಮೋಟಾರುಗಳ ಊರು. 1937ರಲ್ಲಿ ಅಲ್ಲಿ ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ಸೇರಿ ದೇಶೀ ವಿದ್ಯುತ್ ಮೋಟಾರನ್ನು ತಯಾರಿಸಿದ್ದರು. (ಅದೇ ಜಿ.ಡಿ. ನಾಯ್ಡು 1920ರಲ್ಲಿ ತಮ್ಮ ಮೊದಲ ಬಸ್ಸು ಓಡಿಸಿದ್ದು ನಮ್ಮ ಪೊಳ್ಳಾಚಿಯಿಂದ ಪಳನಿಗೆ. ಅಜ್ಜಂದಿರ ಮಾತಿನಲ್ಲಿ ಅವರ ಹೆಸರು ಬಾರದ ಸಂಜೆ ಇರಲಿಲ್ಲ.) ಮೋಟಾರಿನ ಮೈಮೇಲೆ ಒಂದು ಪುಟ್ಟ ತಗಡಿನ ಫಲಕ ಇರುತ್ತದೆ: ಇಷ್ಟು ಅಶ್ವಶಕ್ತಿ, ಇಷ್ಟು ವೋಲ್ಟ್, 50 ಹರ್ಟ್ಸ್. ಐದು ಅಶ್ವಶಕ್ತಿಯ ಮೋಟಾರು ತಂಪು ಬೆಳಗಿನಲ್ಲಿ ಇನ್ನೂ ಸ್ವಲ್ಪ ಹೆಚ್ಚಿನ ಭಾರ ಎಳೆಯುತ್ತದೆ ಎಂಬುದು ರೈತನಿಗೆ ಗೊತ್ತು. ವೋಲ್ಟೇಜ್ ಬಿದ್ದ ಮಧ್ಯಾಹ್ನ ಅದೇ ಭಾರ ಹೊರಿಸಿದರೆ ಸುರುಳಿ ಸುಟ್ಟು, ರೀವೈಂಡಿಂಗ್ ಅಂಗಡಿಗೆ ಹೊರಡಬೇಕು ಎಂಬುದೂ ಗೊತ್ತು. ಫಲಕದ ಅಂಕಿ ಯಂತ್ರದ ಕಟ್ಟಕಡೆಯ ಮಿತಿಯಲ್ಲ. ಯಾವ ಹೊತ್ತಿನಲ್ಲೂ, ಯಾರ ತೋಟದಲ್ಲೂ ಇಷ್ಟಂತೂ ಮಾಡಿಯೇ ತೀರುತ್ತದೆ ಎಂದು ತಯಾರಕ ಕೊಟ್ಟ ಮಾತು ಅದು.

ಮೋಟಾರಿನ ಓಟವನ್ನು ಹಿಡಿದಿಡುವುದು ಆ 50 ಹರ್ಟ್ಸ್. ಬೇಡಿಕೆ ಹೆಚ್ಚಾಗಿ ಉತ್ಪಾದನೆ ಸಾಲದೆ ಹೋದಾಗ ಇಡೀ ಜಾಲದ ಲಯವೇ ಕುಗ್ಗುತ್ತದೆ. 1990ರ ದಶಕದಲ್ಲಿ ದಕ್ಷಿಣದ ಜಾಲ 49ಕ್ಕಿಂತ ಕೆಳಗಿಳಿಯುವುದು ಮಾಮೂಲಿ ಸಂಗತಿ. ಇಂಥ ಹೊತ್ತಿಗೆಂದೇ ನಮ್ಮ ಬೆಟ್ಟದ ಮೇಲೆ ಕಡಂಪಾರೈ ಇದೆ. ತಲಾ 100 ಮೆಗಾವ್ಯಾಟಿನ ನಾಲ್ಕು ಯಂತ್ರಗಳ ಆ ಕೇಂದ್ರ 1980ರ ದಶಕದ ಕೊನೆಗೆ ಚಾಲೂ ಆಯಿತು. ವಿದ್ಯುತ್ ಮಿಕ್ಕ ರಾತ್ರಿಯಲ್ಲಿ ಕೆಳಗಿನ ಮೇಲ್ ಆಳಿಯಾರ್ ಜಲಾಶಯದ ನೀರನ್ನು ಮೇಲಕ್ಕೆತ್ತಿ, ಸಂಜೆ ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಗೆ ಬಿಟ್ಟು ವಿದ್ಯುತ್ ತೆಗೆಯುತ್ತಾರೆ. ಎತ್ತುವಾಗ ಖರ್ಚಾದಷ್ಟು ವಾಪಸ್ಸು ಸಿಗುವುದಿಲ್ಲ. ಆದರೂ ಮಾಡುತ್ತಾರೆ, ಏಕೆಂದರೆ ಲಯ ತಪ್ಪಬಾರದು.

ಕಂಪ್ಯೂಟರು ಈ 50 ಹರ್ಟ್ಸನ್ನು ನಂಬಿ ಕೂತಿಲ್ಲ. ಗೋಡೆಯ ಕರೆಂಟನ್ನು ಒಳಗಿನ ಪವರ್ ಸಪ್ಲೈ ನೇರ ವಿದ್ಯುತ್ತಾಗಿಸುತ್ತದೆ. ಅದರ ಎದೆಬಡಿತ ಬೇರೆಯದೇ: ಮದರ್‌ಬೋರ್ಡಿನ ಮೇಲಿರುವ ಒಂದು ಸ್ಫಟಿಕದ ಹರಳು. ಆ ಹರಳು ಮಿಡಿದಂತೆ ಪ್ರೊಸೆಸರು ಹೆಜ್ಜೆ ಹಾಕುತ್ತದೆ. ಓವರ್‌ಕ್ಲಾಕಿಂಗ್‌ನ ಕಥೆ ಶುರುವಾಗುವುದು ಈ ಹರಳಿನಿಂದಲೇ.

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಮೊದಲ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರೊಳಗಿದ್ದ ಇಂಟೆಲ್ 8088 ಚಿಪ್ಪು 5 ಮೆಗಾಹರ್ಟ್ಸ್‌ಗೆ ಯೋಗ್ಯವಾದದ್ದು. ಐಬಿಎಂ ಅದನ್ನು ಓಡಿಸಿದ್ದು 4.77ರಲ್ಲಿ. ಕಾರಣ ತಮಾಷೆಯದು. ಅಮೆರಿಕದ ಬಣ್ಣದ ಟೀವಿ ಸಂಕೇತಕ್ಕೆ ಹೊಂದುವ 14.318 ಮೆಗಾಹರ್ಟ್ಸ್ ಹರಳು ಒಂದನ್ನೇ ಎಲ್ಲದಕ್ಕೂ ಬಳಸಿ ಕಾಸು ಉಳಿಸಬೇಕಿತ್ತು. ಅದನ್ನು ಮೂರರಿಂದ ಭಾಗಿಸಿದರೆ 4.77 ಬರುತ್ತದೆ, ಅಷ್ಟೇ. ಅಂದರೆ ಜಗತ್ತನ್ನೇ ಬದಲಿಸಿದ ಆ ಯಂತ್ರ ತನ್ನ ಚಿಪ್ಪಿನ ಯೋಗ್ಯತೆಗಿಂತ ನಿಧಾನವಾಗಿ ಓಡುತ್ತಿತ್ತು.

1984ರ ಪಿಸಿ ಎಟಿ ಮಾದರಿಯಲ್ಲಿ 286 ಚಿಪ್ಪು 6 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಅದರ 12 ಮೆಗಾಹರ್ಟ್ಸ್ ಹರಳು ಸಾಕೆಟ್ಟಿನಲ್ಲಿ ಕೂತಿದ್ದರಿಂದ ಕೈಯಲ್ಲಿ ಕಿತ್ತು ಬದಲಿಸಬಹುದಿತ್ತು. ಜನ ಸುಮ್ಮನಿರುತ್ತಾರೆಯೇ? ಕೆಲವೇ ಡಾಲರಿನ 16 ಮೆಗಾಹರ್ಟ್ಸ್ ಹರಳು ತಂದು ಸಿಕ್ಕಿಸಿದರು. ಯಂತ್ರ 8ರಲ್ಲಿ ಓಡತೊಡಗಿತು. ಐಬಿಎಂಗೆ ಇದು ಹಿಡಿಸಲಿಲ್ಲ. 1985ರ ಹೊಸ ಬಯಾಸ್‌ನಲ್ಲಿ ವೇಗದ ತಪಾಸಣೆಯನ್ನು ಸೇರಿಸಿತು. ಹರಳು ಬದಲಾಗಿದ್ದರೆ ಯಂತ್ರ ಏಳಲು ಒಪ್ಪದು. ಮರುವರ್ಷ 8 ಮೆಗಾಹರ್ಟ್ಸ್‌ನ ಎಟಿಯನ್ನು ತಾನೇ ಮಾರಿತು! ಜನ ಕಂಡುಕೊಳ್ಳುವುದು, ಕಂಪನಿ ಬೀಗ ಹಾಕುವುದು, ಆಮೇಲೆ ಅದನ್ನೇ ಕಂಪನಿ ಮಾರುವುದು: ಮುಂದಿನ ನಲವತ್ತು ವರ್ಷ ಇದೇ ಆಟ.

ನಮ್ಮ ದೇಶದಲ್ಲಿ ಮನೆಯಲ್ಲೇ ಕಂಪ್ಯೂಟರು ಜೋಡಿಸುವ ಹುಚ್ಚು ಹಬ್ಬಿದ್ದು 90ರ ದಶಕದ ಕೊನೆಯಲ್ಲಿ. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ, ಬಿಡಿಭಾಗಗಳ ಆಮದು ಸುಂಕವನ್ನು 2005ರ ಹೊತ್ತಿಗೆ ಹಂತಹಂತವಾಗಿ ತೆಗೆದುಹಾಕಿತು. ಬೆಂಗಳೂರಿನ ಎಸ್.ಪಿ. ರೋಡು, ಚೆನ್ನೈನ ರಿಚಿ ಸ್ಟ್ರೀಟ್ ನಮ್ಮ ಹುಡುಗರ ತೀರ್ಥಕ್ಷೇತ್ರಗಳಾದವು. ಸರಿಯಾಗಿ ಆ ಹೊತ್ತಿಗೆ, 1998ರ ಆಗಸ್ಟ್ 24ರಂದು, ಇಂಟೆಲ್ ಒಂದೇ ದಿನ ಎರಡು ಚಿಪ್ಪುಗಳನ್ನು ಬಿಡುಗಡೆ ಮಾಡಿತು. ಒಂದು 450 ಮೆಗಾಹರ್ಟ್ಸ್‌ನ ಪೆಂಟಿಯಂ 2, ಬೆಲೆ 669 ಡಾಲರ್. ಇನ್ನೊಂದು ಬಡವರ ಸೆಲೆರಾನ್ 300ಎ, 149 ಡಾಲರ್. ವ್ಯತ್ಯಾಸ 520 ಡಾಲರ್. ಅಂದಿನ ದರದಲ್ಲಿ, ಸುಂಕ ಸೇರಿಸದೆಯೇ, ಇಪ್ಪತ್ತೊಂದು ಸಾವಿರ ರೂಪಾಯಿಗೂ ಮೇಲೆ.

ಪ್ರೊಸೆಸರಿನ ವೇಗ ಅಂದರೆ ಒಂದು ಗುಣಾಕಾರ: ಮದರ್‌ಬೋರ್ಡಿನ ಬಸ್ ವೇಗವನ್ನು ಚಿಪ್ಪಿನ ಗುಣಕದಿಂದ ಗುಣಿಸಬೇಕು. ಸೆಲೆರಾನಿನಲ್ಲಿ 66 ಮೆಗಾಹರ್ಟ್ಸ್ ಬಸ್ಸು, ನಾಲ್ಕೂವರೆಯ ಗುಣಕ, ಒಟ್ಟು 300. ಗುಣಕಕ್ಕೆ ಇಂಟೆಲ್ ಬೀಗ ಹಾಕಿತ್ತು. ಬಸ್ಸಿಗೆ ಹಾಕಿರಲಿಲ್ಲ. ದುಬಾರಿ ಪೆಂಟಿಯಂಗಳಿಗೆಂದು ಬಂದ ಬೋರ್ಡುಗಳು 100 ಮೆಗಾಹರ್ಟ್ಸ್ ಬಸ್ ಕೊಡುತ್ತಿದ್ದವು. ನಾಲ್ಕೂವರೆ ನೂರಲೆ? 450! ಚಿಪ್ಪಿನ ಬಿ21 ಎಂಬ ಸಂಪರ್ಕ ಬಿಂದುವಿನ ಮೇಲೆ ಸಣ್ಣ ತುಂಡು ಟೇಪು ಅಂಟಿಸಿದರೆ ಎಷ್ಟೋ ಬೋರ್ಡುಗಳು ಅದನ್ನು 100ರ ಚಿಪ್ಪೆಂದೇ ಗುರುತಿಸುತ್ತಿದ್ದವು. ಎಬಿಟ್ ಕಂಪನಿಯ ಬಿಎಚ್6 ಬೋರ್ಡಿನಲ್ಲಾದರೆ ಟೇಪೂ ಬೇಡ, ಬಯಾಸ್ ಪರದೆಯಲ್ಲೇ ಆರಿಸಿಕೊಳ್ಳಬಹುದಿತ್ತು. ಈ ಚಿಪ್ಪಿನ 128 ಕಿಲೋಬೈಟ್ ಕ್ಯಾಶೆ ಪ್ರೊಸೆಸರಿನ ಜೊತೆಗೇ ಒಂದೇ ತುಂಡು ಸಿಲಿಕಾನಿನಲ್ಲಿದ್ದು ಪೂರ್ಣ ವೇಗದಲ್ಲಿ ಓಡುತ್ತಿತ್ತು. ಪೆಂಟಿಯಂ 2ರ ದೊಡ್ಡ ಕ್ಯಾಶೆ ಹೊರಗೆ ಕೂತು ಅರ್ಧ ವೇಗದಲ್ಲಿ ಓಡುತ್ತಿತ್ತು. ಹಾಗಾಗಿ ಎಷ್ಟೋ ಕೆಲಸಗಳಲ್ಲಿ 149 ಡಾಲರಿನ ಹುಡುಗ 669 ಡಾಲರಿನ ಸಾಹೇಬನ ಪಕ್ಕದಲ್ಲೇ ಕೂರುತ್ತಿದ್ದ.

ಇದು ಹೇಗೆ ಸಾಧ್ಯ? ಒಂದೇ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳೆಲ್ಲ ಒಂದೇ ಸಮ ಇರುವುದಿಲ್ಲ. ಪರೀಕ್ಷಿಸಿ ವಿಂಗಡಿಸುತ್ತಾರೆ, ಬಾಗಿಲಲ್ಲಿ ಕೂತು ತೆಂಗಿನಕಾಯಿ ಆರಿಸಿದ ಹಾಗೆ. ಆದರೆ ತಯಾರಿಕೆ ಚೆನ್ನಾಗಿ ಕೂತಮೇಲೆ ಬಹುಪಾಲು ಕಾಯಿಗಳು ದಪ್ಪ ಕಾಯಿಗಳೇ. ಮಾರುಕಟ್ಟೆಗೋ ಅಗ್ಗದ ಚಿಪ್ಪೂ ಬೇಕು. ಆಗ 450ಕ್ಕೆ ಯೋಗ್ಯವಾದದ್ದರ ಮೇಲೂ 300 ಎಂದು ಬರೆಯುತ್ತಾರೆ. ನನ್ನ ಮಟ್ಟಿಗೆ ಇದರಲ್ಲಿ ಕಂಪನಿಯ ಮೋಸವಿಲ್ಲ. 300 ಎಂದು ಹೇಳಿ 300 ಕೊಟ್ಟಿದೆ. ಉಳಿದದ್ದನ್ನು ತನ್ನ ಹೊಣೆಯ ಮೇಲೆ ಬಳಸಿಕೊಂಡ ಹುಡುಗನದ್ದೂ ಮೋಸವಲ್ಲ. ವಾರಂಟಿ ಹೋಗುತ್ತದೆ ಎಂದು ಗೊತ್ತಿದ್ದೇ ಮಾಡುತ್ತಾನೆ.

ಮೋಸ ಬೇರೆ ಕಡೆ ನಡೆಯುತ್ತಿತ್ತು. ಕಡಿಮೆ ವೇಗದ ಚಿಪ್ಪಿನ ಮೇಲಿನ ಅಕ್ಷರ ಉಜ್ಜಿ ತೆಗೆದು, ಹೆಚ್ಚಿನ ಅಂಕಿ ಮುದ್ರಿಸಿ, ಹೆಚ್ಚಿನ ಬೆಲೆಗೆ ಮಾರುವ ಜಾಲಗಳು ಆ ದಶಕದಲ್ಲಿ ಹಲವು ದೇಶಗಳಲ್ಲಿದ್ದವು. ಇದನ್ನು ರೀಮಾರ್ಕಿಂಗ್ ಎನ್ನುತ್ತಿದ್ದರು. ಗುಣಕಕ್ಕೆ ಬೀಗ ಹಾಕಲು ಇಂಟೆಲ್ ಕೊಟ್ಟ ಕಾರಣವೂ ಇದೇ. ಕೊಂಡವನಿಗೆ ತನ್ನ ಯಂತ್ರ ಓವರ್‌ಕ್ಲಾಕ್ ಆಗಿದೆ ಎಂಬುದೇ ಗೊತ್ತಿಲ್ಲ. ಬೇಸಿಗೆ ಬಂದಾಗ ಕಂಪ್ಯೂಟರು ಸುಮ್ಮಸುಮ್ಮನೆ ನಿಂತುಹೋದರೆ ತನ್ನ ಹಣೆಬರಹವೆಂದುಕೊಳ್ಳುತ್ತಾನೆ. ಜ್ಞಾನೋಕ್ತಿಗಳ ಗ್ರಂಥದಲ್ಲಿ ಕಳ್ಳತಕ್ಕಡಿಯ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಉಜ್ಜಿದ ಚಿಪ್ಪು.

ಎಎಂಡಿಯ ಕಥೆ ಚಿಕ್ಕದು, ಆದರೆ ಬಿಡಲು ಮನಸ್ಸಿಲ್ಲ. 2000ದಲ್ಲಿ ಬಂದ ಅದರ ಡ್ಯೂರಾನ್ ಮತ್ತು ಅಥ್ಲಾನ್ ಚಿಪ್ಪುಗಳ ಬೆನ್ನಮೇಲೆ ಎಲ್1 ಎಂಬ ಪುಟ್ಟ ಸೇತುವೆಗಳ ಸಾಲಿತ್ತು. ಅವನ್ನು ಕಡಿದು ಗುಣಕಕ್ಕೆ ಬೀಗ ಹಾಕಿದ್ದರು. ಶಾಲೆಯ ಪೆನ್ಸಿಲ್ಲಿನಿಂದ ಆ ಬಿರುಕಿನ ಮೇಲೆ ಗೀಚಿದರೆ ಸಾಕು, ಗ್ರಾಫೈಟ್ ವಿದ್ಯುತ್ ಹರಿಸಿ ಬೀಗ ಬಿಚ್ಚಿಕೊಳ್ಳುತ್ತಿತ್ತು. ಜ್ಯಾಮಿಟ್ರಿ ಬಾಕ್ಸ್ ಇದ್ದವರೆಲ್ಲ ಎಂಜಿನಿಯರುಗಳು. ಮರುವರ್ಷದ ಅಥ್ಲಾನ್ ಎಕ್ಸ್‌ಪಿಯಲ್ಲಿ ಸೇತುವೆಗಳ ನಡುವೆ ಲೇಸರಿನಿಂದ ಗುಳಿ ತೋಡಿ ಪೆನ್ಸಿಲ್ಲಿನ ಕಾಲವನ್ನು ಮುಗಿಸಿದರು.

ಈಗ ನನ್ನ ಯಂತ್ರ. 2009ರಲ್ಲಿ ಬಿಡಿಭಾಗ ಕೊಂಡು ತಂದು ಮನೆಯ ಹಜಾರದಲ್ಲೇ ಜೋಡಿಸಿದೆ. ಪೆಂಟಿಯಂ ಡ್ಯುಯಲ್ ಕೋರ್ ಇ5200, ಎರಡೂವರೆ ಗಿಗಾಹರ್ಟ್ಸ್: 200ರ ಬಸ್ಸು, ಹನ್ನೆರಡೂವರೆಯ ಗುಣಕ. ಬಸ್ಸನ್ನು 266ಕ್ಕೆ ಏರಿಸಿದರೆ 3.33. ಡಿಸೆಂಬರಿನ ಒಂದು ರಾತ್ರಿ ಏರಿಸಿದೆ. ವೋಲ್ಟೇಜನ್ನೂ 1.2ರಿಂದ 1.35ಕ್ಕೆ ತಂದೆ. ಪ್ರೈಮ್95 ಎಂಬ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿದೆ. ಅದು ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಹುಟ್ಟಿದ ತಂತ್ರಾಂಶ. ಸರಿಯುತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಪ್ರೊಸೆಸರಿಗೆ ಕೊಟ್ಟು, ತಪ್ಪಿದರೆ ಹೇಳುತ್ತದೆ. ಬೆಳಗ್ಗೆ ನೋಡಿದರೆ ಒಂದೂ ತಪ್ಪಿಲ್ಲ. ಕ್ರಿಸ್ಮಸ್ಸಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕಿರಲಿಲ್ಲ.

ನಾನು ಲೆಕ್ಕ ಹಾಕದೆ ಬಿಟ್ಟದ್ದು ಇದು. ಚಿಪ್ಪಿನ ಶಾಖ ವೇಗದಷ್ಟೇ ಏರುವುದಿಲ್ಲ, ವೇಗವನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿದಷ್ಟು ಏರುತ್ತದೆ. ಮೂರನೇ ಒಂದು ಪಾಲು ಹೆಚ್ಚು ವೇಗಕ್ಕೆ ನಾನು ತೆತ್ತದ್ದು ಸುಮಾರು ಮೂರನೇ ಎರಡು ಪಾಲು ಹೆಚ್ಚು ಶಾಖ. ಇನ್ನೊಂದು ಸಂಗತಿ: ಎರಡೂವರೆ ಗಿಗಾಹರ್ಟ್ಸ್‌ನಲ್ಲಿ ಪ್ರತಿ ಮಿಡಿತಕ್ಕೆ 0.4 ನ್ಯಾನೋಸೆಕೆಂಡ್ ಸಮಯವಿದೆ, 3.33ರಲ್ಲಿ 0.3 ಮಾತ್ರ. ಅಷ್ಟರೊಳಗೆ ಚಿಪ್ಪಿನ ಪ್ರತಿಯೊಂದು ಸಂಕೇತವೂ ತನ್ನ ಜಾಗ ಮುಟ್ಟಿ ನಿಲ್ಲಬೇಕು. ಬಿಸಿಯಾದಷ್ಟೂ ಸಂಕೇತಗಳು ತಡವಾಗುತ್ತವೆ. ತಡವಾದ ಸಂಕೇತ ಕೂಗಿ ಹೇಳುವುದಿಲ್ಲ. ಒಂದು ಇರಬೇಕಾದಲ್ಲಿ ಸೊನ್ನೆ ಉಳಿಯುತ್ತದೆ, ಯಂತ್ರ ಮುಂದಕ್ಕೆ ಹೋಗುತ್ತದೆ.

2012ರ ಬೇಸಿಗೆ ಬಂತು. ಆ ವರ್ಷ ತಮಿಳುನಾಡಿನಲ್ಲಿ, ಚೆನ್ನೈ ಹೊರತು ಉಳಿದ ಕಡೆ, ದಿನಕ್ಕೆ ಹತ್ತು ಹನ್ನೆರಡು ಗಂಟೆ ಕರೆಂಟು ಇರುತ್ತಿರಲಿಲ್ಲ. ಒಂದು ಗಂಟೆ ಇದ್ದರೆ ಮುಂದಿನ ಗಂಟೆ ಇಲ್ಲ. ಕೊಯಮತ್ತೂರಿನ ಸಣ್ಣ ಕಾರ್ಖಾನೆಗಳು ಒದ್ದಾಡಿಹೋದವು. ಕಡಂಪಾರೈ ನಮ್ಮ ತಲೆಯ ಮೇಲೇ ಇತ್ತು ನಿಜ, ಆದರೆ ರಾತ್ರಿ ಮಿಕ್ಕ ವಿದ್ಯುತ್ತೇ ಇಲ್ಲದಿದ್ದರೆ ನೀರೆತ್ತುವುದು ಯಾವುದರಿಂದ? (2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟ್ ತಂತಿ ದಕ್ಷಿಣದ ಜಾಲವನ್ನು ದೇಶದ ಜಾಲಕ್ಕೆ ಕೂಡಿಸಿತು. ಅದು ಆಮೇಲಿನ ಮಾತು.)

ಆ ಏಪ್ರಿಲ್‌ನಲ್ಲಿ ಊರಿನ ಚಿಕ್ಕ ದೇವಾಲಯದ ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ಫೋಟೋ ತೆಗೆದು ಕಂಪ್ಯೂಟರಿಗೆ ಹಾಕುವ ಕೆಲಸವನ್ನು ನಾನು ಕೇಳಿ ವಹಿಸಿಕೊಂಡೆ. ಕಾಗದ ಹಪ್ಪಳದಂತಾಗಿತ್ತು. ಪುಟ ಮಗುಚುವಾಗ ಫಾದರ್ ಪಕ್ಕದಲ್ಲೇ ನಿಂತಿದ್ದರು. ಫೋಟೋಗಳನ್ನು ಯಂತ್ರಕ್ಕೆ ಇಳಿಸಿ, ತಿದ್ದಿ, ಒಂದೇ ಕಡತವಾಗಿ ಅಡಕ ಮಾಡಿದೆ. ಕರೆಂಟು ಹೋದಾಗ ಕಂಪ್ಯೂಟರು ಇನ್ವರ್ಟರಿನ ಮೇಲೆ ಓಡುತ್ತಿತ್ತು. ಫ್ಯಾನಿಗೆ ಆ ಭಾಗ್ಯವಿರಲಿಲ್ಲ. ಕೋಣೆ ಒಲೆಯಾಗಿತ್ತು. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ, ನೀಲಿ ಪರದೆ ಬರಲಿಲ್ಲ. ಕೆಲಸ ಮುಗಿಯಿತೆಂದು ಪುಸ್ತಕ ಹಿಂದಿರುಗಿಸಿ, ಕ್ಯಾಮೆರಾದ ಕಾರ್ಡನ್ನು ಅಳಿಸಿ, ಡಿವಿಡಿ ಮಾಡಿ ಕೊಟ್ಟೆ.

ತಿಂಗಳಾದ ಮೇಲೆ ಫಾದರ್ ಫೋನ್ ಮಾಡಿದರು. ಕೆಲವು ಪುಟಗಳು ತೆರೆಯುತ್ತಿಲ್ಲ, ಕೆಲವು ಅರ್ಧದವರೆಗೆ ಬಂದು ಕೆಳಗೆಲ್ಲ ಬೂದಿ ಬಣ್ಣ. ಮನೆಯ ಯಂತ್ರದಲ್ಲಿದ್ದ ಪ್ರತಿಯೂ ಹಾಗೇ. ಮೊದಲು ಡಿವಿಡಿಯನ್ನು ಬೈದೆ, ಆಮೇಲೆ ಕ್ಯಾಮೆರಾವನ್ನು. ಕೊನೆಗೆ ಒಂದು ಮಧ್ಯಾಹ್ನ, ಫ್ಯಾನ್ ಆರಿಸಿ, ಪ್ರೈಮ್95 ಓಡಿಸಿದೆ. ಇಪ್ಪತ್ತು ನಿಮಿಷಕ್ಕೆ ಲೆಕ್ಕ ತಪ್ಪಿತು. ಡಿಸೆಂಬರಿನ ರಾತ್ರಿಯಲ್ಲಿ ಪಾಸಾದ ಯಂತ್ರ ಡಿಸೆಂಬರಿಗೆ ಮಾತ್ರ ಪಾಸಾಗಿತ್ತು. ಅದನ್ನೇ ಆಳಿಯಾರಿನಿಂದ ನಲವತ್ತು ತಿರುವು ಹತ್ತಿಸಿ, ಸಾವಿರ ಮೀಟರಿಗೂ ಎತ್ತರದ ವಾಲ್ಪಾರೈಗೆ ಒಯ್ದಿದ್ದರೆ ಬಹುಶಃ ಏಪ್ರಿಲ್‌ನಲ್ಲೂ ತಪ್ಪುತ್ತಿರಲಿಲ್ಲ.

ಹಾಳಾದ ಪುಟಗಳನ್ನು ಮತ್ತೆ ತೆಗೆಯಬೇಕಾಯಿತು. ಪುಸ್ತಕ ಎರಡನೆಯ ಸಲ ಹೊರಗೆ ಬಂತು. ಒಂದು ಪುಟದ ಹೊರ ಅಂಚು, ಜ್ಞಾನತಂದೆ ಜ್ಞಾನತಾಯಿಯರ ಹೆಸರು ಬರೆಯುವ ಕಡೆ, ನನ್ನ ಬೆರಳಿನಲ್ಲೇ ಪುಡಿಯಾಯಿತು. ಮೊದಲ ಸಲ ತೆಗೆದ ಚಿತ್ರದಲ್ಲಿ ಆ ಸಾಲು ಇತ್ತು. ಆ ಚಿತ್ರ ಬೂದಿ ಬಣ್ಣದಲ್ಲಿ ಮುಳುಗಿದವುಗಳಲ್ಲಿ ಒಂದು. ಫಾದರ್ ಏನೂ ಅನ್ನಲಿಲ್ಲ. ಓವರ್‌ಕ್ಲಾಕ್ ಅಂದರೆ ಏನೆಂದು ಅವರಿಗೆ ವಿವರಿಸಲು ಹೋಗಿ ಅರ್ಧಕ್ಕೆ ನಿಲ್ಲಿಸಿದೆ.

ಅಲ್ಲಿಂದ ಈಚೆಗೆ ಆಟದ ನಿಯಮಗಳೇ ಬದಲಾಗಿವೆ. ಶಾಖದ ಗೋಡೆಗೆ ಕಂಪನಿಗಳು ನಮಗಿಂತ ಮೊದಲೇ ಡಿಕ್ಕಿ ಹೊಡೆದಿದ್ದವು. 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವ ಯೋಜನೆಯನ್ನು ಇಂಟೆಲ್ 2004ರಲ್ಲೇ ಕೈಬಿಟ್ಟಿತ್ತು. ಆಮೇಲೆ ವೇಗ ಏರಿಸುವ ಬದಲು ಕೋರ್‌ಗಳನ್ನು ಹೆಚ್ಚಿಸುತ್ತ ಹೋದರು. 2008ರಲ್ಲಿ ಬಂದ ಆರು ಕೋರ್‌ಗಳ ಝಿಯಾನ್ 7400 ಪೂರ್ತಿಯಾಗಿ ನಮ್ಮ ಬೆಂಗಳೂರಿನಲ್ಲೇ ವಿನ್ಯಾಸಗೊಂಡದ್ದು, ಹೆಮ್ಮೆಗೆ ಹೇಳಿದೆ. ಅದೇ ವರ್ಷದಿಂದ ಟರ್ಬೊ ಬೂಸ್ಟ್ ಬಂತು: ತಂಪಾಗಿದ್ದರೆ ಚಿಪ್ಪು ತಾನೇ ವೇಗ ಏರಿಸಿಕೊಳ್ಳುತ್ತದೆ, ಬಿಸಿಯಾದರೆ ಇಳಿಸಿಕೊಳ್ಳುತ್ತದೆ. 2011ರಿಂದ ಇಂಟೆಲ್‌ನಲ್ಲಿ ಓವರ್‌ಕ್ಲಾಕ್ ಮಾಡಬೇಕೆಂದರೆ ಹೆಸರಿನ ಕೊನೆಯಲ್ಲಿ 'ಕೆ' ಇರುವ ಚಿಪ್ಪಿಗೆ ಹೆಚ್ಚಿನ ದುಡ್ಡು ಕೊಡಬೇಕು. ಐಬಿಎಂ ಹರಳಿನ ಕಥೆಯೇ, ಬೇರೆ ವೇಷ. ದಾಖಲೆಗಾಗಿ ಮಾಡುವವರದು ಬೇರೆ ಲೋಕ. 2011ರಲ್ಲಿ ಎಎಂಡಿಯ ಒಂದು ಚಿಪ್ಪು ದ್ರವ ಹೀಲಿಯಂನ ಚಳಿಯಲ್ಲಿ 8.429 ಗಿಗಾಹರ್ಟ್ಸ್ ಮುಟ್ಟಿತು, 2022ರಲ್ಲಿ ಇಂಟೆಲ್‌ನದೊಂದು 9 ದಾಟಿತು. ಅವುಗಳಿಂದ ಯಾರೂ ದಾಖಲೆ ಪುಸ್ತಕ ಉಳಿಸಬೇಕಿಲ್ಲ.

ಮಿಕ್ಕ ಅವಕಾಶವನ್ನೆಲ್ಲ ಕಂಪನಿಯೇ ಹಿಂಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ 2024 ಸಾಕ್ಷಿ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಚಿಪ್ಪುಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಉಂಡು ಸವೆಯುತ್ತಿವೆ ಎಂದು ಗೊತ್ತಾಗಿ, ಕಂಪನಿ ತಿದ್ದುಪಡಿ ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ಚಿಪ್ಪುಗಳನ್ನು ಕೊಂಡವರಲ್ಲಿ ಎಷ್ಟೋ ಮಂದಿ ಬಯಾಸ್ ತೆರೆದೂ ನೋಡಿದವರಲ್ಲ.

ಹುಡುಗರೇ, ನಿಮ್ಮ ಪ್ರಶ್ನೆಗೆ ಬರೋಣ. ನಿನ್ನ ಯಂತ್ರ, ನಿನ್ನ ಆಟ, ನಿನ್ನ ವಾರಂಟಿ: ಅದರಲ್ಲಿ ಮೋಸ ನನಗೆ ಕಾಣುವುದಿಲ್ಲ. ಉಜ್ಜಿದ ಚಿಪ್ಪು ಮಾರಿದವನದು ಮೋಸ. ನಾನು ಮಾಡಿದ್ದು ಇವೆರಡರ ನಡುವೆ ಎಲ್ಲೋ ಬರುತ್ತದೆ. ನನ್ನದಲ್ಲದ ಪುಸ್ತಕವನ್ನು, ಹೇಳದೆ, ನನ್ನ ಪ್ರಯೋಗದ ಯಂತ್ರಕ್ಕೆ ಹಾಕಿದೆ. ಎಲ್ಲಿ ಬರುತ್ತದೆಂದು ನೀವೇ ಹೇಳಿ.

ಆ ಇ5200 ಈಗಲೂ ಊರಿನ ಮನೆಯಲ್ಲಿದೆ, ಎರಡೂವರೆಯಲ್ಲೇ ಓಡುತ್ತದೆ. ಓವರ್‌ಕ್ಲಾಕ್ ಮಾಡಿರುವ ಹುಡುಗನಿಗೆ ಒಂದು ಮಾತು: ಈ ವರ್ಷದ ಪಾಸ್ಕ ಹಬ್ಬದ ವಿಡಿಯೊ ನಿನ್ನ ಯಂತ್ರದಲ್ಲೇ ಎಡಿಟ್ ಆಗುತ್ತದೆಂದು ಕೇಳಿದೆ. ಅದಕ್ಕೆ ಮುಂಚೆ ಒಂದು ಮಧ್ಯಾಹ್ನ ನಾನು ಬರುತ್ತೇನೆ. ಎರಡು ಗಂಟೆಗೆ ಶುರು ಮಾಡೋಣ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಮೆಮೊರಿ ಕಾರ್ಡ್ ಮಾತ್ರ ಅಳಿಸಬೇಡ.